ಕಾಲು ಚಾಚಿ ಕುಳಿತ ಸೊಸೆ

ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರಿಗೆ ಬುದ್ಧಿ ಹೇಳುವವರು ಈಗೀಗ ಬಹಳ ಆಗಿದ್ದಾರೆ. ನನ್ನ ಮಗಳು ಓದುವ ವಾರಪತ್ರಿಕೆಯಲ್ಲಿ ಅದಕ್ಕೆಂದೇ ಒಂದು ಪುಟವಿದೆ. ದಿನಕ್ಕೆ ಹತ್ತು ನಿಮಿಷ ನಿಮಗಾಗಿ ಎತ್ತಿಡಿ, ಕಣ್ಣು ಮುಚ್ಚಿ ನಿಧಾನ ಉಸಿರಾಡಿ, ಕಿಟಕಿಯ ಹತ್ತಿರ ಕುಳಿತು ಬಿಸಿ ಚಹಾ ಕುಡಿಯಿರಿ, ಇಷ್ಟವಾದ ಹಾಡು ಕೇಳಿ. ಮಗಳು ಯಾದಗಿರಿಯಲ್ಲಿ ತನ್ನ ಮಾವನನ್ನು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದು ಕೈಯಲ್ಲಿ ಮಾವನ ಗಂಜಿಯ ಬಟ್ಟಲು ಹಿಡಿದುಕೊಂಡು ಇದನ್ನು ನನಗೆ ಓದಿ ಹೇಳಿದಳು. "ಈ ಹತ್ತು ನಿಮಿಷ ಯಾರ ಮನಿಯಿಂದ ಕಡ ತರ್ಲಿ ಯವ್ವಾ?" ಎಂದು ಕೇಳಿದಳು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

ಈ ಸಿಟ್ಟು ಹಳೆಯದು. ನನಗಾಗ ಇಪ್ಪತ್ತೂ ತುಂಬಿರಲಿಲ್ಲ. ಅತ್ತೆಯನ್ನು ನೋಡಿಕೊಳ್ಳುತ್ತ ನಾನೇ ಕಾಯಿಲೆ ಬಿದ್ದಾಗ ಓಣಿಯವರು, ನೆಂಟರು, ದವಾಖಾನೆಯವರು ಎಲ್ಲರೂ ಒಂದೇ ಮಾತು ಹೇಳಿದರು, "ನಿನ್ನ ಮೈ ನೀ ನೋಡ್ಕೋಬೇಕವ್ವಾ." ಮನೆಗೆ ಬಂದವರು ಹಾಗೆ ಹೇಳಿ, ನಾನು ಬಡಿದಿಟ್ಟ ರೊಟ್ಟಿ ಉಂಡು, ಕೈ ತೊಳೆದುಕೊಂಡು ಹೋದರು. ಇಷ್ಟು ವರ್ಷ ಕಳೆದರೂ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಹಾಗೆ ಮೈ ಉರಿಯುವುದು ನಿಮಗೊಬ್ಬರಿಗೇ ಅಲ್ಲ ಎಂದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಯಾದಗಿರಿ. ಅಪ್ಪ ಸ್ಟೇಷನ್ನಿನ ಮಗ್ಗುಲಲ್ಲಿ ಕಟ್ಟಿಗೆ ಮಾರುತ್ತಿದ್ದರು, ನನ್ನನ್ನು ನಾಲ್ಕನೇ ಇಯತ್ತೆಯವರೆಗೆ ಓದಿಸಿದ್ದರು. ಕೊಟ್ಟದ್ದು ದೋರನಹಳ್ಳಿಯ ಆಚೆಗಿನ ಒಂದು ಸಣ್ಣ ಊರಿಗೆ, ಕುರಿ ಸಾಕುವ ಮನೆಗೆ. ಗಂಡ ಬೀರಪ್ಪ ಕೆಟ್ಟವನಲ್ಲ, ಆದರೆ ಅವನಿಗೆ ಮನುಷ್ಯರಿಗಿಂತ ಕುರಿಗಳ ಜೊತೆ ಮಾತು ಹೆಚ್ಚು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದಿತ್ತು. ಶಹಾಪುರದ ಕಚೇರಿಗಳ ಮುಂದೆ ಉರ್ದು ಬೋರ್ಡಿನ ಪಕ್ಕ ಕನ್ನಡ ಬೋರ್ಡು ಏಳತೊಡಗಿತ್ತು. ಕನ್ನಡ ಮಾತಾಡುವವರೆಲ್ಲ ಇನ್ನು ಒಂದೇ ರಾಜ್ಯವಂತೆ ಎಂದು ಗಂಡಸರು ಚಾವಡಿಯಲ್ಲಿ ಕುಳಿತು ಸಂಭ್ರಮ ಪಡುತ್ತಿದ್ದರು. ಆ ಒಂದಾಗುವುದರಿಂದ ನನ್ನ ಮನೆಗೆ ಆದದ್ದು ಇಷ್ಟೇ. ಗಡಿಯ ಸುಂಕದ ನಾಕೆಗಳಲ್ಲಿ ಕುರಿಹಿಂಡು ತಡೆಯುವುದು ಕಡಿಮೆಯಾಯಿತು. ಮೊದಲು ಕೃಷ್ಣೆಯ ದಂಡೆಯಲ್ಲೇ ಮೇಯುತ್ತಿದ್ದ ನಮ್ಮ ಕುರಿಗಳು ಗಡಿ ದಾಟಿ ವಿಜಾಪುರದ ಸೀಮೆಗೆ ಹೋಗತೊಡಗಿದವು. ಸುಗ್ಗಿ ಮುಗಿದ ಮೇಲೆ ಹಿಂಡಿನ ಹಿಂದೆ ಹೊರಟ ಗಂಡ ತಿರುಗಿ ಮುಖ ತೋರಿಸುತ್ತಿದ್ದುದು ಮುಂಗಾರು ಮಳೆಗೇ. ಅಲ್ಲಿಯವರೆಗೆ ಮನೆಯಲ್ಲಿ ನಾನು, ನನ್ನ ಅತ್ತೆ ಭೀಮವ್ವ, ಇಬ್ಬರೇ.

ಭೀಮವ್ವ ಎಂದರೆ ಓಣಿಗೆ ಓಣಿಯೇ ಹೆದರುತ್ತಿತ್ತು. ಆ ವರ್ಷ ಹೋಳಿ ಹುಣ್ಣಿಮೆಗೆ ಮುಂಚೆ, ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದುಕೊಂಡೇ ಕುಸಿದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಬಾಯಿ ಸೊಟ್ಟಗಾಯಿತು. ಮಾತು ತೊದಲಿ ತೊದಲಿ ಬರುತ್ತಿತ್ತು, ಬೈಗುಳ ಮಾತ್ರ ಮೊದಲಿನ ಹಾಗೇ ಸ್ಪಷ್ಟವಾಗಿತ್ತು. ಆಕೆಯನ್ನು ಎತ್ತಿ ಕೂರಿಸಬೇಕು, ತೊಳೆಯಬೇಕು, ಮಗ್ಗುಲು ಬದಲಿಸಬೇಕು, ಜೋಳದ ನುಚ್ಚು ಮೆತ್ತಗೆ ಕುದಿಸಿ ಉಣಿಸಬೇಕು. ಬಿಸಿಯಾದರೆ ಉಗುಳುತ್ತಿದ್ದಳು, ಆರಿದರೆ ಬಟ್ಟಲು ಎಸೆಯುತ್ತಿದ್ದಳು. ಎಡಗೈಯಿಂದ ಎಸೆದರೂ ಗುರಿ ತಪ್ಪುತ್ತಿರಲಿಲ್ಲ. ನಾನು ಬಟ್ಟಲು ಹೆಕ್ಕಿಕೊಂಡು ತಿರುಗಿ ಒಲೆಯ ಹತ್ತಿರ ಹೋಗುತ್ತಿದ್ದೆ.

ಕೆಲಸ ಅಷ್ಟೇ ಆಗಿದ್ದರೆ ಹೇಗೋ ಮಾಡುತ್ತಿದ್ದೆ. ನನ್ನನ್ನು ಅರೆದು ಹಾಕಿದ್ದು ಮಾತಾಡಿಸಲು ಬರುವವರು. ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲ ಎಂದು ತಿಳಿದರೆ ನೆಂಟರು, ಬೀಗರು, ದಾಯಾದಿಗಳು ಎಲ್ಲರೂ ಬಂದು ಮುಖ ನೋಡಿ ಮಾತಾಡಿಸಿ ಹೋಗಬೇಕು. ಬಾರದಿದ್ದವನ ಹೆಸರು ಸಾಯುವ ತನಕ ಎತ್ತಿ ಆಡುತ್ತಾರೆ. ಬಂದವರಿಗೆ ಕಂಬಳಿ ಹಾಸಬೇಕು, ಕಾಲಿಗೆ ನೀರು ಕೊಡಬೇಕು, ಬೆಲ್ಲದ ಚಹಾ ಕಾಸಬೇಕು. ಉಣ್ಣದೆ ಕಳಿಸಿದರೆ ಮನೆತನದ ಮರ್ಯಾದೆ ಹೋಯಿತು. ಭೀಮವ್ವನ ತವರು ದೊಡ್ಡದು, ಮಗಳ ಬೀಗರ ಕಡೆಯವರೂ ಬಹಳ ಮಂದಿ. ಒಂದು ಗಾಡಿ ಹೋಯಿತೆನ್ನುವಷ್ಟರಲ್ಲಿ ಇನ್ನೊಂದರ ಗೆಜ್ಜೆ ಕೇಳುತ್ತಿತ್ತು. ಅವರು ಅತ್ತೆಯ ಹಾಸಿಗೆಯ ಸುತ್ತ ಕುಳಿತು ಲೊಚಗುಟ್ಟುತ್ತಿದ್ದರು, ನಾನು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದೆ.

ಒಬ್ಬ ಮುದುಕಿಯ ಮಾತು ಈಗಲೂ ನೆನಪಿದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾಕವ್ವಾ ನಿಂಗಮ್ಮ, ಹಿಂಗ ಸೊರಗೀದಿ? ಹೊತ್ತಿಗಿ ಸರಿ ಉಣ್ಣಂಗಿಲ್ಲೇನು?" ಎಂದಳು.

"ಉಣ್ತೀನ್ರಿ."

"ಉಣ್ಣಬೇಕವ್ವಾ. ನೀ ಗಟ್ಟಿ ಇದ್ರ ಅತ್ತಿ ಸೇವಾ ಮಾಡ್ಲಾಕ ಬರ್ತದ. ನಿನ್ನ ಮೈ ನೀ ನೋಡ್ಕೋಬೇಕು. ಇನ್ನೆರಡು ರೊಟ್ಟಿ ತಾ ಇತ್ಲಾಗ, ಪುಂಡಿಪಲ್ಯ ಭಾಳ ಚಲೋ ಆಗ್ಯಾದ."

ಬುಟ್ಟಿಯಲ್ಲಿ ಉಳಿದಿದ್ದದ್ದು ಎರಡೇ ರೊಟ್ಟಿ. ನನಗೆಂದು ತೆಗೆದಿಟ್ಟಿದ್ದೆ. ತಂದು ಹಾಕಿದೆ.

ಬುದ್ಧಿ ಹೇಳದೆ ಬಂದವಳು ಒಬ್ಬಳೇ, ಮಗ್ಗುಲ ಮನೆಯ ಚಾಂದಬೀ. ಪೊಲೀಸ್ ಆ್ಯಕ್ಷನ್ನಿನ ಗಲಾಟೆಯ ದಿನಗಳಲ್ಲಿ ಮನೆ ಬಿಟ್ಟು ಹೋದ ಆಕೆಯ ಗಂಡ ತಿರುಗಿ ಬಂದಿರಲಿಲ್ಲ. ಆಕೆಯನ್ನು ಮಾತಾಡಿಸಲು ಮಾತ್ರ ಯಾವ ಗಾಡಿಯೂ ಬರಲಿಲ್ಲ. ಹಗಲೆಲ್ಲ ಕಂಡವರ ಹೊಲದಲ್ಲಿ ಕೂಲಿ ಮಾಡಿ, ಸಂಜೆ ನಮ್ಮ ಬಾಗಿಲಿಗೆ ಬಂದು, "ಲಾ, ಜೋಳದ ಬುಟ್ಟಿ ಕೊಡು" ಎಂದು ಇಸಿದುಕೊಂಡು ಹೋಗುತ್ತಿದ್ದಳು. ಮರುದಿನ ಮುಂಜಾನೆ ಹಿಟ್ಟು ಬೀಸಿ ತಂದಿಡುತ್ತಿದ್ದಳು. ಅಷ್ಟೇ. ಹೇಗಿದ್ದೀ ಎಂದೂ ಕೇಳುತ್ತಿರಲಿಲ್ಲ. ಹೇಗಿದ್ದೇನೆಂದು ಹೇಳುವ ಕೆಲಸವೂ ಒಂದು ತಪ್ಪಿತಲ್ಲ ಎಂದು ನನಗೆ ಸಮಾಧಾನವಾಗುತ್ತಿತ್ತು.

ಯುಗಾದಿ ಆದ ಮೇಲೆ ನನ್ನ ಎಡಗಾಲ ಹರಡಿನ ಗಂಟಿನ ಹತ್ತಿರ ಒಂದು ಬೊಕ್ಕೆ ಎದ್ದಿತು. ನೋಡಿದ ಕೂಡಲೇ ತಿಳಿಯಿತು, ನಾರು ಹುಣ್ಣು. ಈಗಿನವರಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮೆಟ್ಟಿಲ ಬಾವಿಯ ನೀರು ಕುಡಿದವರ ಮೈಯೊಳಗೆ ಒಂದು ಹುಳು ತಿಂಗಳುಗಟ್ಟಲೆ ಬೆಳೆದು, ಬೇಸಿಗೆ ಬಂತೆಂದರೆ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಗೆ ಇಣುಕುತ್ತದೆ. ಬಿಳಿ ನೂಲಿನ ಹಾಗಿರುತ್ತದೆ, ಮೊಳಕ್ಕಿಂತ ಉದ್ದ. ಆ ಉರಿಗೆ ಕೆಂಡ ಮೆಟ್ಟಿದರೂ ಸಮವಲ್ಲ. ನೀರಿನಲ್ಲಿ ಕಾಲಿಟ್ಟರೆ ಸ್ವಲ್ಪ ತಣಿಯುತ್ತಿತ್ತು. ಹಾಗಾಗಿ ಊರಿನವರೆಲ್ಲ ಬಾವಿಯ ಮೆಟ್ಟಿಲ ಮೇಲೆ ಕುಳಿತು ಹುಣ್ಣಿನ ಕಾಲು ನೀರಿಗೆ ಬಿಡುತ್ತಿದ್ದೆವು, ಅದೇ ನೀರು ಕೊಡ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದೆವು. ಹುಳು ಹೀಗೇ ವರ್ಷ ವರ್ಷ ನಮ್ಮ ಹೊಟ್ಟೆ ಸೇರುತ್ತದೆಂದು ನಮಗಾಗ ಯಾರು ಹೇಳಬೇಕು.

ಅದನ್ನು ತೆಗೆಯಲು ಇದ್ದದ್ದು ಒಂದೇ ದಾರಿ. ಇಣುಕಿದ ತುದಿಯನ್ನು ಜೋಳದ ದಂಟಿನ ಸಿಬಿರಿಗೆ ಕಟ್ಟಬೇಕು, ನೀರು ಹನಿಸಬೇಕು, ಅದು ಸಡಿಲಾಗಿ ಬಂದಷ್ಟನ್ನು ಮಾತ್ರ ಸುತ್ತಿ ಬಟ್ಟೆ ಕಟ್ಟಿ ಬಿಡಬೇಕು. ಮರುದಿನ ಮತ್ತೆ. ಕೆಲವು ದಿನ ಬೆರಳಗಲ ಬರುತ್ತದೆ, ಕೆಲವು ದಿನ ಏನೂ ಬಾರದು. ಅವಸರ ಮಾಡಿ ಎಳೆದರೆ ಹರಿಯುತ್ತದೆ. ಹರಿದು ಒಳಗುಳಿದದ್ದು ಅಲ್ಲೇ ಸತ್ತು, ಕಾಲು ಕೀವು ತುಂಬಿ, ಮಂಡಿ ಸೇದಿಕೊಂಡುಬಿಡುತ್ತದೆ. ನಮ್ಮ ಓಣಿಯಲ್ಲೇ ಹಾಗೆ ಮಂಡಿ ಮಡಚಿ ಉಳಿದು, ಕೈಯೂರಿ ತೆವಳುವ ಒಬ್ಬಾಕೆ ಇದ್ದಳು. ಆಕೆಯ ಗಂಡ ಎರಡನೆಯವಳನ್ನು ತಂದಿದ್ದ. ಮೊದಲನೆಯವಳು ದನದ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು ಬೇಳೆ ಹಸನು ಮಾಡುತ್ತಿದ್ದಳು. ನೀರಿಗೆ ಹೋಗುವಾಗಲೆಲ್ಲ ಆಕೆಯನ್ನು ನೋಡುತ್ತಿದ್ದೆ.

ಅಂದರೆ ಈ ಕಾಯಿಲೆಗೆ ಬೇಕಾದ ಮದ್ದು ಕಾಲು ಚಾಚಿ ಸುಮ್ಮನೆ ಕುಳಿತುಕೊಳ್ಳುವುದು. ಬೇರೇನು ಕೇಳಿದ್ದರೂ ಎಲ್ಲಿಂದಲಾದರೂ ತರುತ್ತಿದ್ದೆ. ಅತ್ತೆಗೆ ಉಣಿಸಿ ಮಲಗಿಸಿದ ಮೇಲೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ನಾರು ಸುತ್ತುತ್ತಿದ್ದೆ. ದಿನದಲ್ಲಿ ನನ್ನದೆಂದು ಇದ್ದ ಹೊತ್ತು ಅದೊಂದೇ, ಅದನ್ನು ಹುಳಕ್ಕೆ ಕೊಟ್ಟಿದ್ದೆ.

ಒಂದು ದಿನ ಹಾಗೆ ಅರ್ಧ ಸುತ್ತಿ ಕುಳಿತಿರುವಾಗ ಅಂಗಳದಲ್ಲಿ ಗಾಡಿ ನಿಂತಿತು. ನನ್ನ ಗಂಡನ ಅಕ್ಕ ನೀಲವ್ವ ಸುರಪುರದಿಂದ ಬಂದಿದ್ದಳು, ಜೊತೆಗೆ ಆಕೆಯ ಮಾವ, ಮತ್ತಿಬ್ಬರು ಹಿರಿಯ ಗಂಡಸರು. ಅಂಥವರ ಮುಂದೆ ಸೊಸೆಯಾದವಳು ಕಾಲು ಚಾಚಿ ಕೂರುವುದೆಂದರೆ ಅವರ ಮುಖಕ್ಕೆ ಕಾಲು ತೋರಿಸಿದ ಹಾಗೆ. ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲಬೇಕು. ಹುಟ್ಟಿದಾಗಿನಿಂದ ಕಲಿಸಿದ್ದು, ಯೋಚನೆ ಮಾಡುವ ಮಾತೇ ಇಲ್ಲ. ದಡಕ್ಕನೆ ಎದ್ದೆ. ಸೀರೆಯ ಅಂಚು ಸಿಬಿರಿಗೆ ಸಿಕ್ಕಿಕೊಂಡಿತು. ಒಳಗೆ ಏನೋ ಸಣ್ಣಗೆ ಚಿಟ್ಟೆಂದಿತು. ಸಿಬಿರು ನೆಲದ ಮೇಲೆ ಬಿದ್ದಿತ್ತು, ಸುತ್ತಿದ ನಾರು ಅದರ ಮೇಲೇ ಇತ್ತು. ಇದಕ್ಕೆ ನಾನೇನು ಮಾಡಿದೆನೆಂದು ಕೇಳಿ. ಹಿರಿಯರಿಗೆ ಕಂಬಳಿ ಹಾಸಿದೆ, ಚಹಾಕ್ಕೆ ನೀರಿಟ್ಟೆ.

ಬಂದವರು ಎರಡು ದಿನ ಇದ್ದರು. ಅಷ್ಟರಲ್ಲಿ ನನ್ನ ಕಾಲು ಮಂಡಿಯ ತನಕ ಬಾತು ಕೆಂಪಾಗಿ, ಚಳಿಜ್ವರ ಹಿಡಿದಿತ್ತು. ಒಲೆಯ ಮುಂದೆ ಕುಳಿತವಳು ಒಮ್ಮೆ ರೊಟ್ಟಿಯ ಮೇಲೆಯೇ ಬಾಗಿಬಿಟ್ಟೆ. ಆಗ ನೀಲವ್ವನಿಗೆ ಗಾಬರಿಯಾಯಿತು. ಅವರ ಗಾಡಿ ಹೇಗೂ ಶಹಾಪುರದ ಮೇಲೆಯೇ ಹೋಗಬೇಕು, ಅಲ್ಲಿಯ ದವಾಖಾನೆಗೆಂದು ನನ್ನನ್ನೂ ಹತ್ತಿಸಿಕೊಂಡರು. ಅತ್ತೆಯ ಹತ್ತಿರ ಚಾಂದಬೀ ಉಳಿದಳು. ದಾರಿಯಲ್ಲಿ ನೀಲವ್ವ ನನ್ನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು, ಬಹಳ ಅಂತಃಕರಣದಿಂದಲೇ ಹೇಳಿದಳು.

"ತಂಗಿ, ನೀ ತಪ್ಪು ತಿಳ್ಕೋಬ್ಯಾಡ. ನಿನ್ನ ಕಾಲು ನೆಟ್ಟಗಾತಂದ್ರ ಆತು. ಆಗ್ಲಿಲ್ಲಂದ್ರ ನಮ್ಮವ್ವನ್ನ ಯಾರು ನೋಡ್ಬೇಕು? ನಮ್ಮ ತಮ್ಮಗ ಇನ್ನೊಂದು ಲಗ್ನ ಮಾಡೂದು ಆಗ್ತದ. ಸುರಪುರದಾಗ ಒಂದು ಹುಡುಗಿ ಅದ. ನಿನ್ನೇನು ಹೊರಗ ಹಾಕಂಗಿಲ್ಲ, ನೀನೂ ಇರ್ತಿ."

"ನೀವ ನಾಕು ದಿನ ಇದ್ದು ನೋಡ್ಕೊಳ್ರಲ್ಲ ಅಕ್ಕಾ," ಎಂದೆ. ಜ್ವರದ ಬಾಯಿ, ಹೊರಗೆ ಬಿದ್ದುಬಿಟ್ಟಿತು.

"ನನ್ನ ಮನಿ ಯಾರು ನೋಡ್ಬೇಕು?" ಎಂದಳು ನೀಲವ್ವ. ಆ ಮಾತೂ ಸುಳ್ಳಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಕೆಟ್ಟ ಹೆಂಗಸಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ದವಾಖಾನೆಯ ಮುಂದೆ ಬೇವಿನ ಗಿಡದ ಕೆಳಗೆ ನನ್ನಂಥವರ ಸಾಲೇ ಇತ್ತು. ಎಲ್ಲರೂ ಕಾಲು ಚಾಚಿ ಕುಳಿತಿದ್ದರು, ಎಲ್ಲರ ಕಾಲಿಗೂ ಬಟ್ಟೆ, ಬಟ್ಟೆಯೊಳಗೆ ಸಿಬಿರು. ಎಷ್ಟೋ ದಿನದ ಮೇಲೆ ಯಾರ ನಾಚಿಕೆಯೂ ಇಲ್ಲದೆ ನಾನೂ ಕಾಲು ಚಾಚಿದೆ. ಪಕ್ಕದಲ್ಲಿದ್ದ ಒಬ್ಬ ಹೆಂಗಸು, ಯಾವೂರವಳೋ, ತನ್ನ ನೀರಿನ ತಂಬಿಗೆ ನನ್ನ ಕಡೆ ಸರಿಸಿದಳು. "ನಿಮಗೂ ಎಡಗಾಲಿಗೇ ಆಗ್ಯಾದೇನ್ರಿ?" ಎಂದು ಕೇಳಿದೆ. "ಎರಡೂ ಕಾಲಿಗಿ ಆಗ್ಯಾದವ್ವಾ, ದೇವರು ಭೇದ ಮಾಡಿಲ್ಲ," ಎಂದು ನಕ್ಕಳು. ಆ ನಗುವಿನಿಂದ ನನಗೆ ಎಷ್ಟು ಧೈರ್ಯ ಬಂತೆಂದು ಆಕೆಗೆ ಗೊತ್ತೇ ಇರಲಿಕ್ಕಿಲ್ಲ.

ಡಾಕ್ಟರ್ ಸಾಹೇಬರು ಹೈದರಾಬಾದಿನವರು. ಹುಣ್ಣು ಕೊಯ್ದು ಕೀವು ತೆಗೆದರು, ಸೂಜಿ ಚುಚ್ಚಿದರು. ಮೀನಖಂಡದ ಹಿಂಭಾಗವನ್ನು ಬೆರಳಿನಿಂದ ಸವರಿ ನೋಡಿ, "ಇಲ್ಲಿ ಇನ್ನೊಂದು ಅದ," ಎಂದರು. "ಇದೂ ಹರಿದ್ರ ಕಾಲಿನ ಆಸೆ ಬಿಡು. ಮೂರು ನಾಲ್ಕು ವಾರ ಪೂರಾ ಆರಾಮ್. ನಡೀಬ್ಯಾಡ, ನೀರು ಹೊರಬ್ಯಾಡ. ಹಾಲು, ತತ್ತಿ ತಿನ್ನು. ಸಮಝಿ?"

"ಸಾಹೇಬ್ರ, ನಾ ಆರಾಮ್ ಮಾಡಿದ್ರ ನಮ್ಮ ಅತ್ತಿಗಿ ಯಾರು ಮಾಡ್ತಾರ್ರಿ? ಆಕಿಗಿ ಲಕ್ವ ಹೊಡದದ."

"ಮನ್ಯಾಗ ಬ್ಯಾರೆ ಯಾರೂ ಇಲ್ಲೇನು?"

"ಇಲ್ರಿ."

ಒಳ್ಳೆಯ ಮನುಷ್ಯ ಅವರು. "ಹುಷಾರಾಗಿರು," ಎಂದು ಮುಂದಿನವರನ್ನು ಕರೆದರು. ಹುಷಾರಾಗಿರಬೇಕಂತೆ! ಊರ ಕಡೆ ಹೊರಟ ಯಾರದೋ ಗಾಡಿಯಲ್ಲಿ ಜಾಗ ಹುಡುಕಿ ಹತ್ತುವಾಗ ಅಳು ಬಂತು. ನೋವಿಗಿಂತ ಹೆಚ್ಚಾಗಿ ಸಿಟ್ಟಿನ ಅಳು.

ಮನೆಗೆ ಬಂದ ಮೇಲೆ ಜ್ವರ ಇಳಿಯಿತು. ಎರಡನೆಯ ನಾರು ಡಾಕ್ಟರು ಹೇಳಿದ ಜಾಗದಲ್ಲೇ, ಮೀನಖಂಡದ ಹಿಂದೆ ತಲೆ ಹಾಕಿತು. ಅಲ್ಲಿ ನನಗೆ ಕಾಣುವುದಿಲ್ಲ, ಕೈ ಮಾತ್ರ ತಾಗುತ್ತದೆ. ಕುತ್ತಿಗೆ ತಿರುಚಿ, ಕಾಲು ತಿರುಚಿ, ಊಹೆಯ ಮೇಲೆ ಸುತ್ತಲು ಹೋದರೆ ಸಿಬಿರು ಕೈ ಜಾರುತ್ತಿತ್ತು. ಚಾಂದಬೀ ಹೊಲದಿಂದ ಬರುವಷ್ಟರಲ್ಲಿ ಕತ್ತಲಾಗಿ ಬೆಳಕು ಸಾಲುತ್ತಿರಲಿಲ್ಲ. ನಾನು ಹೀಗೆ ಒದ್ದಾಡುವುದನ್ನು ಅತ್ತೆ ಮೂಲೆಯಲ್ಲಿ ಚೀಲಗಳಿಗೆ ಒರಗಿ ಕುಳಿತು ನೋಡುತ್ತಿದ್ದಳು.

"ಏ ಹುಡುಗಿ," ಎಂದಳು ಒಂದು ಮಧ್ಯಾಹ್ನ. ತೊದಲು ಮಾತು, ಆದರೆ ಆ ಹೊತ್ತಿಗೆ ನನಗೆ ಪೂರ್ತಿ ತಿಳಿಯುತ್ತಿತ್ತು. "ಇಲ್ಲಿ ಬಾ. ಕಾಲಿಡು."

"ಎಲ್ರಿ?"

ಆಕೆ ಎಡಗೈಯಿಂದ ತನ್ನ ತೊಡೆಯನ್ನು ತಟ್ಟಿದಳು.

ಹಿರಿಯರಿಗೆ ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮಂದಿ ನಾವು. ಅತ್ತೆಯ ತೊಡೆಯ ಮೇಲೆ ಸೊಸೆಯ ಕಾಲು, ಅದೂ ಹುಣ್ಣಿನ ಕಾಲು, ಎಂದರೆ ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

"ಬ್ಯಾಡ್ರಿ ಅತ್ತಿ. ಪಾಪ ಹತ್ತತದ್ರಿ."

"ಹತ್ತಿದ್ರ ನನಗ ಹತ್ತಲಿ. ಇನ್ನ ಯಾವ ಕೈಕಾಲು ಕಸ್ಕೋತಾನ ದೇವರು? ಇಡಂದ್ರ ಇಡು."

ಇಟ್ಟೆ. ಮೊದಲು ಆಕೆಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬೋರಲು ಮಲಗಿ, ಕಾಲನ್ನು ಆಕೆಯ ತೊಡೆಯ ಮೇಲೆ ಇಟ್ಟೆ. ಮುಖ ನೆಲಕ್ಕಿತ್ತು, ಅದೇ ಒಳ್ಳೆಯದಾಯಿತು. ಭೀಮವ್ವ ಹುಡುಗಿಯಾಗಿದ್ದಾಗಿನಿಂದ ಉಣ್ಣೆ ನೂಲಿದವಳು. ಕುರಿ ಉಣ್ಣೆಯ ಎಳೆ ಎಲ್ಲಿ ಹಿಡಿದರೆ ಬರುತ್ತದೆ, ಎಲ್ಲಿ ಬಿಗಿದರೆ ತುಂಡಾಗುತ್ತದೆ ಎಂಬುದು ಆಕೆಯ ಬೆರಳಿಗೆ ಗೊತ್ತು. ಆದರೆ ಆ ಬೆರಳು ಬಲಗೈಯವು. ಎಡಗೈಗೆ ಆ ಹದ ಗೊತ್ತಿರಲಿಲ್ಲ. ಮೊದಲ ದಿನ ಏನೂ ಬರಲಿಲ್ಲ. ನನ್ನನ್ನು ಬೈಯುತ್ತಿದ್ದ ಬೈಗುಳವನ್ನೆಲ್ಲ ಆಕೆ ಆ ಹುಳಕ್ಕೆ ಬೈದಳು. ಅದರ ತಾಯಿ ತಂದೆಯನ್ನೂ ಬಿಡಲಿಲ್ಲ. ನಾನು ನೆಲಕ್ಕೆ ಮುಖ ಒತ್ತಿಕೊಂಡು ನಕ್ಕೆ, ಅತ್ತೆಗೆ ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಎರಡನೆಯ ದಿನ ಒಂದಿಷ್ಟು ಬಂತು. "ಉಣ್ಣಿ ಎಳೀನೂ ಹಿಂಗೇ," ಎಂದಳು. "ಅದು ಕೊಟ್ಟಷ್ಟು ತಗೋಬೇಕು. ನಾವು ಕೇಳಿದಷ್ಟು ಕೊಡಂಗಿಲ್ಲ." ಅಂದಿನಿಂದ ದಿನವೂ ಊಟವಾದ ಮೇಲೆ ಅದೇ ಕೆಲಸ. ಭೀಮವ್ವ ಒಮ್ಮೆಲೇ ಒಳ್ಳೆಯ ಅತ್ತೆಯಾದಳು ಎಂದುಕೊಳ್ಳಬೇಡಿ. ನುಚ್ಚು ಆರಿದರೆ ಬಟ್ಟಲು ಮೊದಲಿನ ಹಾಗೇ ಹಾರುತ್ತಿತ್ತು. ಆದರೆ ನಾರು ಸುತ್ತುವ ಹೊತ್ತಿನಲ್ಲಿ ಆಕೆಯ ಕೈಗೊಂದು ಕೆಲಸ ಸಿಕ್ಕಿತ್ತು, ನನ್ನ ಮೈಗೆ ನೆಲ ಸಿಕ್ಕಿತ್ತು. ಎಷ್ಟೋ ಸಲ ಹಾಗೆಯೇ ನಿದ್ದೆ ಹೋಗುತ್ತಿದ್ದೆ. ಆಕೆ ಎಬ್ಬಿಸುತ್ತಿರಲಿಲ್ಲ.

ಮಾತಾಡಿಸುವವರು ಬರುವುದನ್ನು ಬಿಡಲಿಲ್ಲ. ಒಂದು ದಿನ ಅತ್ತೆಯ ತವರಿನಿಂದ ಮೂವರು ಬಂದು ಬಾಗಿಲಲ್ಲಿ ನಿಂತರು. ನಾನು ಎಂದಿನ ಹಾಗೆ ಏಳಲು ಹೊರಟೆ. ಭೀಮವ್ವ ನನ್ನ ಮಂಡಿಯ ಮೇಲೆ ಕೈ ಊರಿ ಒತ್ತಿದಳು.

"ಸೊಸಿ ಏಳಂಗಿಲ್ಲ," ಎಂದಳು ಅವರಿಗೆ. "ಎದ್ದಿದ್ದಕ್ಕ ಒಂದು ನಾರು ಹರದದ. ಕಂಬಳಿ ಅಲ್ಲಿ ಅದ, ಹಾಸ್ಕೋರಿ. ಚಾ ಬೇಕಂದ್ರ ಒಲಿ ಅಲ್ಲಿ ಅದ."

ಬಂದವರಲ್ಲಿ ಹಿರಿಯಾಕೆ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಬೇರೆ ದಾರಿ ಕಾಣದೆ ತಾನೇ ಒಲೆ ಊದಿ ಚಹಾ ಮಾಡಿದಳು, ನನಗೂ ಒಂದು ಬಟ್ಟಲು ಕೊಟ್ಟಳು. ನನ್ನ ಅತ್ತೆಮನೆಯಲ್ಲಿ ಬೇರೆಯವರು ಕಾಸಿದ ಚಹಾ ನಾನು ಕುಡಿದದ್ದು ಅದೇ ಮೊದಲು, ಸಕ್ಕರೆ ಬೆರೆಸಿದ ಹಾಗಿತ್ತು. ಆ ಸುದ್ದಿ ಊರೂರಿಗೆ ಹಬ್ಬಿತು. ಭೀಮವ್ವನ ತಲೆ ಕೆಟ್ಟಿದೆ, ಸೊಸೆ ಮದ್ದು ಹಾಕಿದ್ದಾಳೆ ಎಂದರು. ಗಾಡಿಗಳು ಕಡಿಮೆಯಾದವು. ನಾನು ದೇವರಿಗೆ ಕಾಯಿ ಒಡೆಸಬೇಕೆಂದುಕೊಂಡೆ.

ಆರೈಕೆ ಮಾಡುವವರ ಮನೆಗೆ ಹೋಗುವವರಿಗೆ ನನ್ನದೊಂದು ಮಾತಿದೆ, ಇದನ್ನು ಯಾವ ಪತ್ರಿಕೆ ಬೇಕಾದರೂ ಹಾಕಿಕೊಳ್ಳಲಿ. ಆಕೆಗೆ ಬುದ್ಧಿ ಹೇಳಬೇಡಿ. ರೋಗಿಯ ಮಗ್ಗುಲಲ್ಲಿ ಅರ್ಧ ತಾಸು ನೀವು ಕುಳಿತುಕೊಳ್ಳಿ, ಆಕೆ ಎಲ್ಲಾದರೂ ಬಿದ್ದು ಮಲಗಲಿ. ಉಂಡ ತಾಟು ತೊಳೆದಿಡಿ. ಅದೂ ಆಗದಿದ್ದರೆ ಮನೆಯಲ್ಲೇ ಇರಿ, ಅದೂ ಒಂದು ಉಪಕಾರವೇ. ಮತ್ತೆ ಆರೈಕೆ ಮಾಡುತ್ತಿರುವವಳೇ, ಬಾಗಿಲಲ್ಲಿ ಯಾರಾದರೂ ನಿಂತರೆಂದು ದಡಕ್ಕನೆ ಏಳಬೇಡವ್ವಾ. ಇಷ್ಟೇ ನನಗೆ ಗೊತ್ತಿರುವ ಉಪಾಯ.

ಇಷ್ಟಾದರೂ ನೀರಿನ ಕೆಲಸ ತಪ್ಪಿರಲಿಲ್ಲ. ಚಾಂದಬೀ ಕುಡಿಯುವ ನೀರು ಒಂದು ಕೊಡ ಇಟ್ಟು ಹೋಗುತ್ತಿದ್ದಳು. ಹಾಸಿಗೆ ಹಿಡಿದವರಿರುವ ಮನೆಗೆ ಒಂದು ಕೊಡ ಯಾವ ಮೂಲೆಗೆ? ಬಟ್ಟೆಗೆ, ತೊಳೆಯುವುದಕ್ಕೆ ನಾನೇ ಕುಂಟುತ್ತ ಬಾವಿಯ ಮೆಟ್ಟಿಲು ಇಳಿಯಬೇಕಾಗಿತ್ತು. ಇಳಿದು ಬಂದ ದಿನ ಕಾಲು ಬಿಗಿದು ನಾರು ಒಳಗೇ ಕಚ್ಚಿಕೊಳ್ಳುತ್ತಿತ್ತು. ಭೀಮವ್ವ ಹಲ್ಲು ಕಡಿಯುತ್ತಿದ್ದಳು. "ನಾ ಸುತ್ತೂದು, ನೀ ಕೆಡಸೂದು! ಇವತ್ತಲ್ಲ ನಾಳಿ ಇದೂ ಹರೀತದ ನೋಡು," ಎನ್ನುತ್ತಿದ್ದಳು. ಹೆದರಿಕೆ ಇಬ್ಬರಿಗೂ ಇತ್ತು. ಕೊಟ್ಟಿಗೆಯ ಬಾಗಿಲಲ್ಲಿ ಬೇಳೆ ಹಸನು ಮಾಡುವವಳು ನನ್ನ ಕನಸಿನಲ್ಲೂ ಬರತೊಡಗಿದ್ದಳು.

ಮೊದಲ ಮಳೆ ಬಿದ್ದು ಮಣ್ಣು ತಣ್ಣಗಾದ ಮೇಲೆ ಒಂದು ಮಧ್ಯಾಹ್ನ ಬೀರಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹೊಸ್ತಿಲ ಮೇಲೆ ಬಂದವನು ಅಲ್ಲೇ ನಿಂತ. ಅವನ ತಾಯಿಯ ತೊಡೆಯ ಮೇಲೆ ನನ್ನ ಕಾಲಿತ್ತು. ನಾನು ಎಳೆದುಕೊಳ್ಳಲು ಹೋದೆ.

"ಅಲುಗಾಡಬ್ಯಾಡ! ತುದಿ ಬರಾಕತ್ತದ!" ಎಂದು ಭೀಮವ್ವ ಗದರಿದಳು.

"ಯವ್ವಾ, ಇದೇನಿದು?" ಎಂದ ಬೀರಪ್ಪ. "ಮಂದಿ ನೋಡಿದ್ರ ಏನಂದಾರು?"

"ಮಂದಿ ಬಂದಿದ್ರು. ನೋಡಿದ್ರು. ಉಂಡ್ರು, ಹೋದ್ರು. ನೀ ಆ ಕೊಡ ತಗೊಂಡು ಬಾವಿಗಿ ಹೋಗು."

"ನಾನು? ಹೆಣ್ಮಕ್ಕಳು ನಿಂತಿರ್ತಾರ ಅಲ್ಲಿ."

"ಮತ್ತ ನಿನ್ನ ಟಗರು ಹೋಗ್ತದೇನು?"

ಅವನು ನನ್ನ ಕಡೆ ನೋಡಿದ. ಏನಾದರೂ ಹೇಳಿ ಬಿಡಿಸುತ್ತಾಳೆ ಎಂದುಕೊಂಡಿದ್ದನೇನೋ. ನನಗೂ ನಾಲಿಗೆಯ ತುದಿಗೆ ಬಂದಿತ್ತು, ನಾನೇ ತರ್ತೀನಿ ಬಿಡ್ರಿ ಎಂದು. ನುಂಗಿಕೊಂಡೆ. ಅವನು ಕಂಬಳಿ ಇಳಿಸಿ, ಕೊಡ ಎತ್ತಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಾವಿಯ ಕಡೆಯಿಂದ ಹೆಂಗಸರ ನಗು ಜೋರಾಗಿ ಕೇಳಿತು.

ಭೀಮವ್ವ ಉಸಿರು ಬಿಗಿಹಿಡಿದು ಸಿಬಿರು ತಿರುವಿದಳು, ನಿಲ್ಲಿಸಿದಳು, ಮತ್ತೆ ತಿರುವಿದಳು. ಕಾಲಿನಿಂದ ಏನೋ ಜಾರಿ ಹೋದಂತಾಯಿತು, ಉರಿ ಇರಲಿಲ್ಲ. ಆಕೆ ಸಿಬಿರನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ತುದಿಯಿಂದ ತುದಿಯವರೆಗೆ ನೋಡಿದಳು. "ಪೂರಾ ಬಂತು," ಎಂದಳು. "ಹರೀಲಿಲ್ಲ." ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲೇ, ಗಂಡ ಹಸಿದು ಬಂದಿದ್ದಾನೆ, ಒಲೆ ಹೊತ್ತಿಸಬೇಕು ಎಂದು ನೆನಪಾಗಿ ಕಣ್ಣು ಒರೆಸಿಕೊಂಡು, ಹೊರಳಿ ಕುಳಿತು ಏಳಲು ಹೊರಟೆ. ಆಕೆ ಸಿಬಿರು ಕೆಳಗಿಟ್ಟು ನನ್ನ ಮಂಡಿಯ ಮೇಲೆ ಕೈ ಊರಿದಳು.

"ಕುಂದ್ರು. ಅವನ ಕಾಲು ಕುರಿ ಹಿಂದ ಹೋಗ್ತಾವ. ನನ್ನ ಕಾಲು ಸತ್ತಾವ. ಈ ಮನ್ಯಾಗ ನಿಲ್ಲೂ ಕಾಲು ನಿನ್ನವೆರಡೇ ಅವ."

ಬೀರಪ್ಪ ತುಂಬಿದ ಕೊಡ ಹೊತ್ತು, ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಬಾಗಿಲಿಗೆ ಬಂದ. ನಾನು ಕಾಲು ತೆಗೆಯದೆ ಕುಳಿತಿದ್ದೆ.